ನೀರಲ್ಲಿ ನೆನೆದ ಬೆರಳು ಯಾಕೆ ಸುಕ್ಕಾಗುತ್ತೆ? ನಾಂಪಲ್ಲಿಯ ಮೀನಿನ ತೊಟ್ಟಿಯಿಂದ ಶುರು ಮಾಡೋಣ



ಹೈದರಾಬಾದಿನಲ್ಲಿರೋ ನಮ್ಮ ಕನ್ನಡದವರಿಗೆ ನಾಂಪಲ್ಲಿ ಹೊಸದಲ್ಲ. ಕಲಬುರಗಿ, ವಾಡಿ ಕಡೆಯಿಂದ ಹುಸೇನ್ ಸಾಗರ್ ಎಕ್ಸ್‌ಪ್ರೆಸ್ ಹತ್ತಿದ್ರೆ ಕೊನೆಗೆ ಇಳಿಯೋದೇ ಅಲ್ಲಿ. ಜನವರಿ ಬಂತು ಅಂದ್ರೆ ಮಕ್ಕಳನ್ನ ಕರ್ಕೊಂಡು ನುಮಾಯಿಷ್ ನೋಡೋಕೆ ಹೋಗೋದೂ ಅಲ್ಲಿಗೇ. ಆದ್ರೆ ಅದೇ ಎಕ್ಸಿಬಿಷನ್ ಗ್ರೌಂಡ್‌ನಲ್ಲಿ ಜೂನ್ ತಿಂಗಳಲ್ಲಿ ಇನ್ನೊಂದು ಜಾತ್ರೆ ಸೇರುತ್ತೆ. ನಾವು ಊರಲ್ಲಿ ಮೃಗಶಿರಾ ಮಳೆ ಅಂತೀವಲ್ಲ, ಅದನ್ನ ಇಲ್ಲಿನವರು ಮೃಗಶಿರ ಕಾರ್ತೆ ಅಂತಾರೆ. ಜೂನ್ 7 ಅಥವಾ 8ರ ಹೊತ್ತಿಗೆ ಅದು ಹುಟ್ಟುತ್ತೆ. ಆ ದಿನ ಮೀನು ತಿನ್ನೋದು ತೆಲಂಗಾಣದಲ್ಲಿ ರೂಢಿ. ನಾಂಪಲ್ಲಿಯಲ್ಲಿ ಆವತ್ತು ಮೀನು ಪ್ರಸಾದ.

ನ್ಯೂಸ್ ಚಾನೆಲ್‌ಗಳಲ್ಲಿ ನೀವು ನೋಡೇ ಇರ್ತೀರಿ. ಬತ್ತಿನಿ ಗೌಡ್ ಕುಟುಂಬದವರು ಚಿಕ್ಕದೊಂದು ಜೀವಂತ ಮೀನಿನ ಬಾಯಲ್ಲಿ ಹಳದಿ ಬಣ್ಣದ ಮದ್ದು ಇಟ್ಟು, ಆಸ್ತಮಾ ಇರೋರಿಗೆ ನುಂಗಿಸ್ತಾರೆ. ಆ ಮದ್ದಿನಿಂದ ಆಸ್ತಮಾ ವಾಸಿಯಾಗುತ್ತೆ ಅನ್ನೋದಕ್ಕೆ ವೈಜ್ಞಾನಿಕ ಪುರಾವೆ ಇಲ್ಲ ಅಂತ ವೈದ್ಯರು ಹೇಳ್ತಾನೇ ಬಂದಿದ್ದಾರೆ. ಹಾಗಾಗಿ ಅಲ್ಲಿಗೆ ಹೋಗೋರು ಹೋಗಲಿ, ಇನ್‌ಹೇಲರ್ ಮಾತ್ರ ನಿಲ್ಲಿಸಬಾರದು. ಆ ಚರ್ಚೆ ಇಷ್ಟಕ್ಕೇ ಸಾಕು. ಇವತ್ತು ನಾವು ನೋಡೋಣ ಅಂತಿರೋದು ಆ ಮೀನು ಹಿಡಿಯೋ ಕೈಗಳನ್ನ.

ಆ ಮೀನಿಗೆ ತೆಲುಗಲ್ಲಿ ಕೊರ್ರಮೀನು ಅಂತಾರೆ, ಇಂಗ್ಲಿಷಲ್ಲಿ ಮರೆಲ್. ನೀರು ಕಮ್ಮಿ ಇದ್ರೂ ಬದುಕೋ ಗಟ್ಟಿ ಜೀವ, ಗಾಳಿಯನ್ನೂ ಉಸಿರಾಡುತ್ತೆ. ಮೈಯೆಲ್ಲ ಲೋಳೆ. ಹಿಡಿದ್ರೆ ಜಾರುತ್ತೆ. ಮಾರೋರು ತೊಟ್ಟಿಗೆ ಕೈ ಹಾಕ್ತಾರೆ, ಒಂದು ಹಿಡೀತಾರೆ, ಕವರ್‌ಗೆ ಹಾಕ್ತಾರೆ, ಮತ್ತೆ ಕೈ ಹಾಕ್ತಾರೆ. ಬರಿಗೈಲಿ ಹತ್ತು ನಿಮಿಷ ಈ ಕೆಲಸ ಮಾಡಿದ್ರೆ ಯಾರ ಬೆರಳಾದ್ರೂ ಸುಕ್ಕಾಗೋಕೆ ಶುರುವಾಗುತ್ತೆ.

ಈಗ ಪ್ರಶ್ನೆ. ಆ ಸುಕ್ಕು, ಮೀನು ಹಿಡಿಯೋ ಕೈಗೆ ತೊಂದರೆನಾ, ಸಹಾಯನಾ? ಅಥವಾ ಸುಮ್ಮನೆ ನೀರು ಕುಡಿದು ಚರ್ಮ ಊದಿಕೊಂಡಿದ್ದಾ? ಸ್ವಿಮ್ಮಿಂಗ್ ಕ್ಲಾಸಿನಿಂದ ಬಂದ ಮಗು "ಅಮ್ಮಾ, ನನ್ನ ಕೈ ಅಜ್ಜಿ ಕೈ ಆಗಿದೆ ನೋಡು" ಅಂದಾಗ ನೀವು ಏನಂತ ಹೇಳ್ತೀರಿ? ಉತ್ತರ ಹುಡುಕ್ತಾ ಹೋದ್ರೆ ಇದು ನಿಮ್ಮ ಮನೆಯಲ್ಲಿ ಶುಗರ್ ಇರೋ ಅಪ್ಪನ ಕಾಲಿನವರೆಗೂ ಹೋಗುತ್ತೆ. ಅದಕ್ಕೇ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು, ಎಲ್ಲಿ ಸುಕ್ಕಾಗುತ್ತೆ ಅಂತ ನೋಡಿ

ಒಂದು ಸಣ್ಣ ವಿಷಯ ನಾವು ಗಮನಿಸೋದೇ ಇಲ್ಲ. ಅರ್ಧ ಗಂಟೆ ನೀರಲ್ಲಿದ್ರೆ ಮೈಯೆಲ್ಲ ಒದ್ದೆಯಾಗುತ್ತೆ, ಆದ್ರೆ ಸುಕ್ಕಾಗೋದು ಬೆರಳ ತುದಿ, ಅಂಗೈ, ಅಂಗಾಲು ಇಷ್ಟೇ. ಹೊಟ್ಟೆ ಸುಕ್ಕಾಗಲ್ಲ. ಮೊಣಕೈ ಸುಕ್ಕಾಗಲ್ಲ. ಅದೇ ಬೆರಳಿನ ಮೇಲ್ಭಾಗ, ಉಗುರಿರೋ ಕಡೆ, ಅದೂ ಈ ರೀತಿ ಆಗಲ್ಲ. ಸುಕ್ಕು ಬರೋದು ನಾವು ವಸ್ತು ಹಿಡಿಯೋ ಕಡೆ, ನೆಲ ಊರೋ ಕಡೆ.

ಅಜ್ಜಿಯ ಕೈ ಸುಕ್ಕು ಇದಕ್ಕೆ ಪೂರ್ತಿ ಬೇರೆ. ವಯಸ್ಸಾದಂತೆ ಚರ್ಮದ ಒಳಗಿನ ಕೊಲಾಜೆನ್, ಎಲಾಸ್ಟಿನ್ ಅನ್ನೋ ನಾರುಗಳು ಕಮ್ಮಿಯಾಗಿ, ಮುಖದಲ್ಲಿ, ಕೈ ಮೇಲ್ಭಾಗದಲ್ಲಿ ಸುಕ್ಕು ಬರುತ್ತೆ. ಬಂದದ್ದು ಹೋಗಲ್ಲ. ನೀರಿನ ಸುಕ್ಕು ಕೈ ಒಣಗಿದ ಸ್ವಲ್ಪ ಹೊತ್ತಿಗೆ ಮಾಯ.

ಅಂಗೈ, ಅಂಗಾಲಿನ ಚರ್ಮದಲ್ಲಿ ಏನು ವಿಶೇಷ? ಕೂದಲು ಇಲ್ಲ. ಹೊರಪದರ ಬೇರೆ ಕಡೆಗಿಂತ ದಪ್ಪ. ಬೆವರು ಗ್ರಂಥಿಗಳು ಇಡೀ ಮೈಯಲ್ಲೇ ಅತಿ ದಟ್ಟವಾಗಿರೋ ಜಾಗಗಳು ಇವು. ಇಂಟರ್‌ವ್ಯೂಗೆ ಕೂತಾಗ ಅಂಗೈ ಬೆವರೋದು ನೆನಪಿದೆಯಲ್ಲ? ಅಲ್ಲಿ ಕೆಲಸ ಮಾಡೋ ನರಗಳನ್ನ ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರ್ತಾವೆ.

ನಾವೆಲ್ಲ ನಂಬಿಕೊಂಡು ಬಂದ ಉತ್ತರ

ಶಾಲೆಯಲ್ಲಿ ಆಸ್ಮಾಸಿಸ್ ಪಾಠ ಓದಿರ್ತೀವಿ. ಕನ್ನಡ ಮೀಡಿಯಮ್ಮಿನವರಿಗೆ ಅಭಿಸರಣ. ಒಣದ್ರಾಕ್ಷಿಯನ್ನ ನೀರಲ್ಲಿ ಹಾಕಿ, ಅದು ಊದಿಕೊಳ್ಳೋದನ್ನ ನೋಡಿರ್ತೀವಿ. ಅದೇ ಲೆಕ್ಕವನ್ನ ಬೆರಳಿಗೂ ಹಾಕಿಬಿಟ್ವಿ. ಚರ್ಮದ ಹೊರಪದರ ನೀರು ಹೀರುತ್ತೆ, ಹಿಗ್ಗುತ್ತೆ, ಹಿಗ್ಗಿದ ಚರ್ಮಕ್ಕೆ ಜಾಗ ಸಾಲದೆ ಮಡಿಕೆ ಬೀಳುತ್ತೆ ಅಂತ.

ಕೇಳೋಕೆ ಸರಿಯಾಗೇ ಇದೆ. ಪೂರ್ತಿ ಸುಳ್ಳೂ ಅಲ್ಲ. ಹೊರಪದರದ ಸತ್ತ ಜೀವಕೋಶಗಳು ನೀರು ಹೀರಿ ಮೆತ್ತಗಾಗೋದು ನಿಜ. ಆದ್ರೆ ಒಂದು ಕಡೆ ಲೆಕ್ಕ ತಪ್ಪುತ್ತೆ. ಒಣದ್ರಾಕ್ಷಿ ನೀರು ಕುಡಿದಾಗ ಸುಕ್ಕು ಹೋಗಿ ನುಣ್ಣಗಾಗುತ್ತೆ. ಬೆರಳು ನೀರಲ್ಲಿದ್ದಾಗ ನುಣ್ಣಗಿದ್ದದ್ದು ಸುಕ್ಕಾಗುತ್ತೆ. ಅಂದ್ರೆ ಬೆರಳಿನ ಒಳಗೆ ಏನೋ ಕುಗ್ಗಿರಬೇಕು ಅಲ್ವಾ? ಸುಕ್ಕಾದ ಬೆರಳನ್ನ ಇನ್ನೊಮ್ಮೆ ನೋಡಿ, ಸ್ವಲ್ಪ ಬಿಳಿಚಿಕೊಂಡಿರುತ್ತೆ. ಅದೂ ಒಂದು ಸುಳಿವು.

ಅರ್ಧ ಉಂಗುರ ಬೆರಳು ಬಿಡಿಸಿದ ಒಗಟು

1930ರ ದಶಕದ ಮಧ್ಯದಲ್ಲಿ ಲಂಡನ್ನಿನ ಇಬ್ಬರು ವೈದ್ಯರು, ಥಾಮಸ್ ಲೂಯಿಸ್ ಮತ್ತು ಜಾರ್ಜ್ ಪಿಕರಿಂಗ್, ಕೈಯ ನರಕ್ಕೆ ಪೆಟ್ಟಾಗಿದ್ದ ರೋಗಿಗಳನ್ನ ಪರೀಕ್ಷೆ ಮಾಡ್ತಿದ್ರು. ಇವರಿಗೆ ಮೀಡಿಯನ್ ನರ ಕೆಟ್ಟಿತ್ತು.

ಮೀಡಿಯನ್ ನರ ಅಂದ್ರೆ ನಮ್ಮ ಐಟಿ ಜನಕ್ಕೆ ಪರಿಚಯದ ನರವೇ. ದಿನವೆಲ್ಲ ಕೀಬೋರ್ಡ್, ಮೌಸ್ ಹಿಡಿದು ಮಣಿಕಟ್ಟು ನೋಯ್ತಿದೆ, ಬೆರಳು ಜುಮ್ ಅಂತಿದೆ ಅಂತ ಡಾಕ್ಟರ ಹತ್ತಿರ ಹೋದ್ರೆ ಅವರು ಮೊದಲು ಅನುಮಾನ ಪಡೋ ಕಾರ್ಪಲ್ ಟನಲ್ ಸಮಸ್ಯೆಯಲ್ಲಿ ಒತ್ತಡಕ್ಕೆ ಸಿಕ್ಕೋದು ಇದೇ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು, ಉಂಗುರ ಬೆರಳಿನ ಅರ್ಧ ಭಾಗ, ಇಷ್ಟು ಕಡೆಯ ಸ್ಪರ್ಶ ಈ ನರದ ಕೆಲಸ. ಉಂಗುರ ಬೆರಳಿನ ಉಳಿದ ಅರ್ಧ ಮತ್ತು ಕಿರುಬೆರಳು ಅಲ್ನಾರ್ ಅನ್ನೋ ಇನ್ನೊಂದು ನರದ ಪಾಲು.

ಆ ರೋಗಿಗಳ ಕೈಯನ್ನ ನೀರಲ್ಲಿಟ್ಟಾಗ, ಮೀಡಿಯನ್ ನರದ ಪಾಲಿಗೆ ಬರೋ ಚರ್ಮ ಸುಕ್ಕಾಗಲೇ ಇಲ್ಲ. ಬೇರೆ ನರ ಇರೋ ಕಡೆ ಸುಕ್ಕಾಯ್ತು. ಯೋಚನೆ ಮಾಡಿ. ಒಂದೇ ಕೈ, ಒಂದೇ ನೀರು, ಒಂದೇ ಥರದ ಚರ್ಮ. ಬರೀ ನೀರು ಹೀರಿ ಸುಕ್ಕಾಗೋದಾಗಿದ್ರೆ ಎಲ್ಲ ಬೆರಳೂ ಸುಕ್ಕಾಗಬೇಕಿತ್ತು. ಚರ್ಮದ ಹೊರಪದರಕ್ಕೆ ಒಳಗಿನ ನರ ಕೆಟ್ಟಿದೆಯೋ ಇಲ್ಲವೋ ಗೊತ್ತಾಗಲ್ಲವಲ್ಲ. ಸುಕ್ಕಿನ ಗಡಿ ನರದ ಗಡಿಯನ್ನೇ ಅನುಸರಿಸ್ತಿದೆ ಅಂದ್ರೆ, ಸುಕ್ಕು ಮಾಡಿಸ್ತಿರೋದು ನರ.

ಈ ವಿಷಯ ತುಂಬಾ ವರ್ಷ ಹಾಗೇ ಇತ್ತು. 1973ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದ ಪ್ಲಾಸ್ಟಿಕ್ ಸರ್ಜನ್ ಷೇಮಸ್ ಓರಿಯನ್ ಇದನ್ನೇ ಒಂದು ಪರೀಕ್ಷೆ ಮಾಡಿ, ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ್ರು. ಕೈಯನ್ನ 40 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ ನೀರಲ್ಲಿ 30 ನಿಮಿಷ ಇಡಿ. ಸುಕ್ಕಾದ್ರೆ ಆ ಭಾಗದ ನರ ಕೆಲಸ ಮಾಡ್ತಿದೆ. ಸುಕ್ಕಾಗದೆ ನುಣ್ಣಗೇ ಉಳಿದ್ರೆ ಅಲ್ಲಿ ನರ ಕೆಟ್ಟಿರಬಹುದು. ಕತ್ತರಿಸಿ ಹೋದ ನರವನ್ನ ಹೊಲಿದು ಜೋಡಿಸಿದ ಮೇಲೆ, ಅದು ಮತ್ತೆ ಬೆಳೆದು ಚರ್ಮ ತಲುಪಿದಾಗ ಸುಕ್ಕೂ ವಾಪಸ್ ಬರುತ್ತೆ.

ಎಷ್ಟು ಸರಳ ನೋಡಿ. ಮೆಷಿನ್ ಬೇಡ, ಸೂಜಿ ಬೇಡ, ಒಂದು ಬೋಗುಣಿ ನೀರು ಸಾಕು. ರೋಗಿ ಬಾಯಿಬಿಟ್ಟು ಏನೂ ಹೇಳಬೇಕಾಗೇ ಇಲ್ಲ. ಇದರ ಬೆಲೆ ಮಕ್ಕಳ ವಿಷಯದಲ್ಲಿ ಗೊತ್ತಾಗುತ್ತೆ. ದೊಡ್ಡವರಾದ್ರೆ "ಇಲ್ಲಿ ಮುಟ್ಟಿದ್ರೆ ಗೊತ್ತಾಗುತ್ತಾ?" ಅಂತ ಕೇಳಬಹುದು. ಗಾಜು ಕುಯ್ದು ಕೈ ಗಾಯವಾಗಿ ಅಳ್ತಿರೋ ಎರಡು ವರ್ಷದ ಮಗುವನ್ನ ಏನಂತ ಕೇಳೋದು? ಮಗು ಹೇಳಲಾಗದ್ದನ್ನ ಬೆರಳ ತುದಿಯ ಸುಕ್ಕು ಹೇಳುತ್ತೆ.

ಹಾಗಾದ್ರೆ ಒಳಗೆ ಏನು ನಡೆಯುತ್ತೆ?

ಹಂತ ಹಂತವಾಗಿ ನೋಡೋಣ.

ಬೆವರು ಹೊರಗೆ ಬರೋ ಸಣ್ಣ ಸಣ್ಣ ನಾಳಗಳಿವೆ. ಕೈ ನೀರಲ್ಲಿ ಮುಳುಗಿದಾಗ ಅದೇ ದಾರಿಯಲ್ಲಿ ನೀರು ಸ್ವಲ್ಪ ಒಳಗೆ ಹೋಗುತ್ತೆ. ಅಲ್ಲಿನ ಉಪ್ಪಿನ ಪ್ರಮಾಣ ತೆಳುವಾಗುತ್ತೆ. ಆ ಬದಲಾವಣೆಯಿಂದ ಸುತ್ತಲಿನ ಸೂಕ್ಷ್ಮ ನರ ತಂತುಗಳು ಚುರುಕಾಗ್ತಾವೆ.

ಆ ತಂತುಗಳು ಸಿಂಪಥೆಟಿಕ್ ನರವ್ಯೂಹಕ್ಕೆ ಸೇರಿದ್ದು. ಎದೆಬಡಿತ ಜೋರು ಮಾಡೋದು, ಭಯವಾದಾಗ ಅಂಗೈ ಬೆವರಿಸೋದು, ಚಳಿಗೆ ರಕ್ತನಾಳ ಬಿಗಿಯೋದು, ಎಲ್ಲ ನಮ್ಮ ಅಪ್ಪಣೆ ಕೇಳದೇ ನಡೆಸೋ ವ್ಯವಸ್ಥೆ ಅದು. ನಿಮ್ಮ ಲ್ಯಾಪ್‌ಟಾಪಿನಲ್ಲಿ ಹಿಂದೆ ಓಡ್ತಾ ಇರೋ ಬ್ಯಾಕ್‌ಗ್ರೌಂಡ್ ಪ್ರೋಸೆಸ್ ಥರ. ನೀವು ಬಟನ್ ಒತ್ತಿರಲ್ಲ, ಆದ್ರೂ ಕೆಲಸ ನಡೀತಿರುತ್ತೆ.

ಬೆರಳ ತುದಿಯ ಮೆತ್ತನೆ ಭಾಗದಲ್ಲಿ ಗ್ಲೋಮಸ್ ಅನ್ನೋ ಪುಟ್ಟ ಪುಟ್ಟ ರಕ್ತನಾಳದ ಗಂಟುಗಳು ತುಂಬಾ ಇವೆ. ಮೈಯ ಉಷ್ಣತೆ ಕಾಪಾಡೋಕೆ ಬೆರಳಿಗೆ ಎಷ್ಟು ರಕ್ತ ಹೋಗಬೇಕು ಅಂತ ಹೆಚ್ಚುಕಮ್ಮಿ ಮಾಡೋದು ಇವುಗಳ ಕೆಲಸ. ನರದ ಸೂಚನೆ ಸಿಕ್ಕ ಕೂಡಲೇ ಇವು ಬಿಗಿಯಾಗ್ತಾವೆ. ರಕ್ತ ಕಮ್ಮಿಯಾದ ಕೂಡಲೇ ಬೆರಳ ತುದಿಯ ಒಳಗಿನ ಗಾತ್ರವೂ ಕಮ್ಮಿ. ಗಾಳಿ ಸ್ವಲ್ಪ ಇಳಿದ ಬಲೂನ್ ಥರ.

ಈಗ ಮೇಲಿನ ಚರ್ಮ ಅಷ್ಟೇ ಇದೆ, ಒಳಗಿನ ತಿರುಳು ಕುಗ್ಗಿದೆ. ಚರ್ಮ ಒಳಗಿನ ಪದರಕ್ಕೆ ಎಲ್ಲ ಕಡೆ ಒಂದೇ ಸಮ ಅಂಟಿಕೊಂಡಿಲ್ಲ, ಕೆಲವು ಕಡೆ ಬಿಗಿ, ಕೆಲವು ಕಡೆ ಸಡಿಲ. ಬಿಗಿ ಇರೋ ಕಡೆ ಒಳಕ್ಕೆ ಎಳೆದುಕೊಳ್ಳುತ್ತೆ, ಸಡಿಲ ಇರೋ ಕಡೆ ಎದ್ದು ನಿಲ್ಲುತ್ತೆ. ಅದೇ ನೆರಿಗೆ.

ಸಿಂಗಪುರದ ನರವೈದ್ಯ ಐನಾರ್ ವೈಲ್ಡರ್-ಸ್ಮಿತ್ ಮತ್ತು ಸಂಗಡಿಗರು 2003ರಲ್ಲಿ ನೀರಲ್ಲಿಟ್ಟ ಬೆರಳಿನ ರಕ್ತದ ಹರಿವನ್ನ ಅಳೆದು, ಸುಕ್ಕಿಗೆ ಕಾರಣ ರಕ್ತನಾಳ ಬಿಗಿಯೋದು ಅಂತ ತೋರಿಸಿದ್ರು. ಸುಕ್ಕಾದ ಬೆರಳು ಬಿಳಿಚಿಕೊಳ್ಳೋದು ಯಾಕೆ ಅನ್ನೋದಕ್ಕೂ ಇಲ್ಲೇ ಉತ್ತರ ಸಿಕ್ತು.

ಉಪ್ಪಿನ ವಿಷಯ ಹೇಳಿದೆನಲ್ಲ, ಅದಕ್ಕೂ ಸಾಕ್ಷಿ ಇದೆ. ಕಾರವಾರಕ್ಕೋ ಗೋಕರ್ಣಕ್ಕೋ ಹೋಗಿ ಸಮುದ್ರದಲ್ಲಿ ಆಡಿದಾಗ ಬೆರಳು ಸುಕ್ಕಾಗೋಕೆ ಬಾವಿ ನೀರಿಗಿಂತ ಜಾಸ್ತಿ ಹೊತ್ತು ಬೇಕು. ಸಮುದ್ರದ ನೀರಲ್ಲೇ ಉಪ್ಪು ಇರೋದ್ರಿಂದ ಒಳಗಿನ ಉಪ್ಪು ಅಷ್ಟು ಬೇಗ ತೆಳುವಾಗಲ್ಲ. ನೀರಿನ ಬಿಸಿಯೂ ಮುಖ್ಯ. 40 ಡಿಗ್ರಿ ನೀರಲ್ಲಿ ಮೂರು ನಾಲ್ಕು ನಿಮಿಷಕ್ಕೇ ಶುರುವಾಗೋ ಸುಕ್ಕು, 20 ಡಿಗ್ರಿ ನೀರಲ್ಲಿ ಹತ್ತು ನಿಮಿಷದವರೆಗೂ ತೆಗೆದುಕೊಳ್ಳಬಹುದು.

ಇಲ್ಲಿ ಒಂದು ಪ್ರಶ್ನೆ ಬರಬಹುದು. ನರವೇ ಕಾರಣ ಅಂದ್ರೆ, ನೀರಲ್ಲಿ ಬಹಳ ಹೊತ್ತು ಬಿದ್ದ ಶವದ ಕೈ ಕೂಡ ಬೆಳ್ಳಗೆ ಸುಕ್ಕಾಗಿರುತ್ತಲ್ಲ? ಹೌದು, ಪೋಸ್ಟ್‌ಮಾರ್ಟಂ ಮಾಡೋ ವೈದ್ಯರು ಇದನ್ನ ನೋಡ್ತಾರೆ. ಅದು ಹೊರಪದರ ಗಂಟೆಗಟ್ಟಲೆ ನೀರು ಹೀರಿ ಆಗೋ ನಿಧಾನದ ಬದಲಾವಣೆ. ಜೀವಂತ ಕೈಯಲ್ಲಿ ಐದು ಹತ್ತು ನಿಮಿಷಕ್ಕೇ ಅಚ್ಚುಕಟ್ಟಾಗಿ ಮೂಡೋ ಸುಕ್ಕು ನರದ ಕೆಲಸ. ಎರಡನ್ನೂ ಒಂದೇ ಅಂದುಕೊಂಡಿದ್ದರಿಂದಲೇ ಹಳೆಯ ಉತ್ತರ ಇಷ್ಟು ಕಾಲ ಉಳಿದುಕೊಂಡಿತು.

ಇನ್ನೊಂದು ತಮಾಷೆ ವಿಷಯ. ನಿಮ್ಮ ಸುಕ್ಕಿಗೂ ಒಂದು ಗುರುತಿದೆ. ಅಮೆರಿಕದ ಬಿಂಗ್‌ಹ್ಯಾಮ್‌ಟನ್ ವಿಶ್ವವಿದ್ಯಾಲಯದ ಗೈ ಜರ್ಮನ್ ಮತ್ತು ಜೊತೆಯವರು ಕೆಲವೇ ಜನರ ಬೆರಳನ್ನ ನೀರಲ್ಲಿಟ್ಟು ಫೋಟೊ ತೆಗೆದ್ರು. ಒಂದು ದಿನವಾದ್ರೂ ಬಿಟ್ಟು ಮತ್ತೆ ತೆಗೆದ್ರು. ನೆರಿಗೆಗಳ ವಿನ್ಯಾಸ ಹೆಚ್ಚುಕಮ್ಮಿ ಅದೇ ಜಾಗದಲ್ಲಿ ಮತ್ತೆ ಮೂಡಿತ್ತು. 2025ರಲ್ಲಿ ಇದು ಪ್ರಕಟವಾಯ್ತು. ಚರ್ಮದ ಕೆಳಗಿನ ರಕ್ತನಾಳಗಳು ಜಾಗ ಬದಲಾಯಿಸಲ್ಲವಲ್ಲ, ಅದಕ್ಕೇ.

ಸರಿ, ಇದರಿಂದ ಉಪಯೋಗ ಏನು?

ಈಗ ನಾಂಪಲ್ಲಿಯ ತೊಟ್ಟಿಗೆ ವಾಪಸ್ ಬರೋಣ. ದೇಹ ಇಷ್ಟೆಲ್ಲ ಕಷ್ಟಪಟ್ಟು ನರ, ರಕ್ತನಾಳ ಎಲ್ಲ ಬಳಸಿ ಸುಕ್ಕು ಮಾಡ್ತಿದೆ ಅಂದ್ರೆ ಏನೋ ಲಾಭ ಇರಬೇಕು ಅಂತ ಅನ್ನಿಸೋದು ಸಹಜ.

2011ರಲ್ಲಿ ಮಾರ್ಕ್ ಚಾಂಗಿಜಿ ಅನ್ನೋ ವಿಜ್ಞಾನಿ ಮತ್ತು ಜೊತೆಗಾರರು ಒಂದು ಊಹೆ ಮುಂದಿಟ್ರು. ಈ ಸುಕ್ಕುಗಳು ಮಳೆಗಾಲದ ಟೈರಿನ ಗೀರುಗಳಿದ್ದ ಹಾಗೆ ಅಂತ. ಜೋರು ಮಳೆಯಲ್ಲಿ ಮೆಹದಿಪಟ್ಟಣದಿಂದ ಗಚ್ಚಿಬೌಲಿಗೆ ಬೈಕಲ್ಲಿ ಹೋಗಿದ್ರೆ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಟೈರಿಗೂ ರಸ್ತೆಗೂ ಮಧ್ಯೆ ನೀರಿನ ಪದರ ನಿಂತ್ರೆ ಬೈಕ್ ಜಾರುತ್ತೆ. ಟೈರಿನ ಗೀರುಗಳು ಆ ನೀರನ್ನ ಪಕ್ಕಕ್ಕೆ ಹರಿಸಿಬಿಡ್ತಾವೆ, ರಬ್ಬರು ರಸ್ತೆಗೆ ತಾಗುತ್ತೆ. ಬೆರಳ ಸುಕ್ಕುಗಳೂ ಹಾಗೇ ನೀರನ್ನ ಹೊರಗೆ ಹರಿಸೋ ಕಾಲುವೆಗಳು ಅನ್ನೋದು ಅವರ ವಾದ.

ಊಹೆ ಚೆನ್ನಾಗಿದೆ, ಪರೀಕ್ಷೆ ಬೇಕಲ್ಲ. 2013ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದಲ್ಲಿ 20 ಜನರನ್ನ ಕೂರಿಸಿ ಪರೀಕ್ಷೆ ಮಾಡಿದ್ರು. ಗಾಜಿನ ಗೋಲಿಗಳು, ಮೀನಿನ ಗಾಳಕ್ಕೆ ಕಟ್ಟೋ ಗುಂಡುಗಳು, ಇವನ್ನ ಒಂದು ಡಬ್ಬಿಯಿಂದ ಇನ್ನೊಂದಕ್ಕೆ ಸಾಗಿಸಬೇಕು. ನೀರೊಳಗಿನ ವಸ್ತುಗಳನ್ನ ಸುಕ್ಕಾದ ಬೆರಳಿನವರು, ಸುಕ್ಕಿಲ್ಲದಾಗಿನದಕ್ಕಿಂತ ಸುಮಾರು 12% ಬೇಗ ಸಾಗಿಸಿದ್ರು. ಒಣ ವಸ್ತುಗಳಲ್ಲಿ ಮಾತ್ರ ಏನೂ ವ್ಯತ್ಯಾಸ ಕಾಣಲಿಲ್ಲ.

ಇಲ್ಲಿಗೆ ಮುಗೀತು ಅಂದುಕೊಳ್ಳಬೇಡಿ. ಮರುವರ್ಷ, 2014ರಲ್ಲಿ, ಜರ್ಮನಿಯ ಬರ್ಲಿನ್ನಿನ ಸಂಶೋಧಕರು 40 ಜನರ ಮೇಲೆ ಇದೇ ಥರದ ಪರೀಕ್ಷೆ ಮಾಡಿದಾಗ ಯಾವ ಲಾಭವೂ ಕಾಣಲಿಲ್ಲ. ಒಂದು ಪ್ರಯೋಗ ಒಂದು ಹೇಳುತ್ತೆ, ಇನ್ನೊಂದು ಇನ್ನೊಂದು ಹೇಳುತ್ತೆ. ವಿಜ್ಞಾನ ನಡೆಯೋದೇ ಹೀಗೆ. ಇಪ್ಪತ್ತು, ನಲವತ್ತು ಜನ ಅಂದ್ರೆ ಸಣ್ಣ ಸಂಖ್ಯೆ ಕೂಡ.

ಆಮೇಲೆ ನಿಕ್ ಡೇವಿಸ್ ಅನ್ನೋ ವಿಜ್ಞಾನಿ ಬೇರೆ ದಾರಿ ಹಿಡಿದ್ರು. ಎಷ್ಟು ಬೇಗ ಅನ್ನೋದನ್ನ ಬಿಟ್ಟು, ಎಷ್ಟು ಬಲ ಹಾಕಬೇಕು ಅಂತ ಅಳೆದ್ರು. ಲಂಡನ್ನಿನ ಸೈನ್ಸ್ ಮ್ಯೂಸಿಯಂಗೆ ಬಂದ 500ಕ್ಕೂ ಹೆಚ್ಚು ಜನ ಇದರಲ್ಲಿ ಭಾಗವಹಿಸಿದ್ರು, ಮಕ್ಕಳೂ ಇದ್ರು. ಬೆರಳಿಂದ ಒಂದು ವಸ್ತು ಹಿಡಿದು, ಅದರ ಮೇಲಿನ ಭಾರ ಬದಲಾಗ್ತಾ ಹೋದ ಹಾಗೆ ಹಿಡಿತ ಸರಿಹೊಂದಿಸಬೇಕು. ಒಣ ಕೈಗೆ ಕಮ್ಮಿ ಬಲ ಸಾಕಾಯ್ತು. ಒದ್ದೆಯಾಗಿ ಸುಕ್ಕಾಗದ ಕೈ ಜಾಸ್ತಿ ಬಲ ಹಾಕಬೇಕಾಯ್ತು. ಒದ್ದೆಯಾಗಿ ಸುಕ್ಕಾದ ಕೈ ಅದಕ್ಕಿಂತ ಕಮ್ಮಿ ಬಲದಲ್ಲೇ ಕೆಲಸ ಮುಗಿಸಿತು. 2021ರಲ್ಲಿ ಈ ಫಲಿತಾಂಶ ಹೊರಬಂತು.

ಇದನ್ನ ಮೀನಿನ ತೊಟ್ಟಿಗೆ ಹಚ್ಚಿ ನೋಡಿ. ಜಾರೋ ವಸ್ತುವನ್ನ ಜಾರದಂತೆ ಹಿಡಿಯೋಕೆ ನಾವು ಜೋರಾಗಿ ಅದುಮ್ತೀವಿ. ಒಂದು ಸಲಕ್ಕೆ ಪರವಾಗಿಲ್ಲ. ದಿನವೆಲ್ಲ ಅದುಮಿದ್ರೆ ಬೆರಳು, ಮಣಿಕಟ್ಟು ಸೋಲುತ್ತೆ. ಪ್ರತಿ ಹಿಡಿತದಲ್ಲೂ ಸ್ವಲ್ಪ ಸ್ವಲ್ಪ ಬಲ ಉಳಿದ್ರೆ ಅದು ಸಣ್ಣ ಲಾಭವಲ್ಲ. ಹಳ್ಳದಲ್ಲಿ ಏಡಿ ಹಿಡೀತಿದ್ದ, ಒದ್ದೆ ಕಾಡಲ್ಲಿ ಗೆಡ್ಡೆ ಕೀಳ್ತಿದ್ದ, ಮಳೆಯಲ್ಲಿ ಬರಿಗಾಲಲ್ಲಿ ಬಂಡೆ ಹತ್ತುತಿದ್ದ ಪೂರ್ವಜರಿಗೂ ಇದು ಉಪಯೋಗಕ್ಕೆ ಬಂದಿರಬಹುದು ಅನ್ನೋದು ವಿಜ್ಞಾನಿಗಳ ಯೋಚನೆ. ಇಲ್ಲಿ "ಬಂದಿರಬಹುದು" ಅನ್ನೋ ಪದ ಮುಖ್ಯ. ನರದಿಂದ ಸುಕ್ಕಾಗುತ್ತೆ ಅನ್ನೋದು ಗಟ್ಟಿ. ಹಿಡಿತಕ್ಕಾಗಿಯೇ ಸುಕ್ಕಾಗುತ್ತೆ ಅನ್ನೋದು ಇನ್ನೂ ಪರೀಕ್ಷೆಯಲ್ಲಿರೋ ವಾದ.

ಸುಕ್ಕಾಗದ ಬೆರಳು ಹೇಳೋ ಮಾತು

ಈಗ ಇವತ್ತಿನ ವಿಷಯದ ಮುಖ್ಯ ಭಾಗಕ್ಕೆ ಬರೋಣ. ಸುಕ್ಕಾದ ಬೆರಳು ನೋಡಿ ಹೆದರಬೇಕಾಗಿಲ್ಲ. ನರ, ರಕ್ತನಾಳ, ಬೆವರು ನಾಳ ಎಲ್ಲ ಸರಿಯಾಗಿ ಮಾತಾಡಿಕೊಳ್ತಿವೆ ಅಂತ ಅದು ತೋರಿಸುತ್ತೆ. ಗಮನ ಕೊಡಬೇಕಾಗಿರೋದು ಮೊದಲು ಸುಕ್ಕಾಗ್ತಿದ್ದು ಈಗ ಸುಕ್ಕಾಗದ ಬೆರಳಿಗೆ.

ಮೊದಲನೆಯದು ಶುಗರ್. ಸಕ್ಕರೆ ಕಾಯಿಲೆ ಬಹಳ ವರ್ಷ ಹತೋಟಿಯಲ್ಲಿಲ್ಲದಿದ್ರೆ ಸಣ್ಣ ನರಗಳು ಹಾಳಾಗ್ತಾವೆ. ಸಾಮಾನ್ಯವಾಗಿ ಶುರುವಾಗೋದು ಕಾಲ್ಬೆರಳಿಂದ. ಮೊದಲು ಜುಮ್ಮು, ಉರಿ. ಆಮೇಲೆ ಸ್ಪರ್ಶವೇ ಗೊತ್ತಾಗಲ್ಲ. ಇಂಥವರಲ್ಲಿ ನೀರಿನ ಸುಕ್ಕು ಕಮ್ಮಿಯಾಗೋದನ್ನ ವೈದ್ಯರು ಗುರುತಿಸಿದ್ದಾರೆ.

ದಯವಿಟ್ಟು ಇಲ್ಲಿ ಎಚ್ಚರ. ಇದನ್ನ ಓದಿ ಊರಲ್ಲಿರೋ ಅಪ್ಪ ಅಮ್ಮನಿಗೆ ಫೋನ್ ಮಾಡಿ "ಬಿಸಿನೀರಲ್ಲಿ ಕಾಲಿಟ್ಟು ನೋಡಿ" ಅಂತ ಹೇಳಬೇಡಿ. ಶುಗರ್ ಇದ್ದು ಕಾಲಿನ ಸ್ಪರ್ಶ ಕಮ್ಮಿಯಾಗಿರೋರಿಗೆ ನೀರು ಎಷ್ಟು ಬಿಸಿ ಅಂತಲೇ ಗೊತ್ತಾಗಲ್ಲ. ಕಾಲು ಸುಟ್ಟು ಬೊಬ್ಬೆ ಬಂದ ಮೇಲೆ ಗೊತ್ತಾಗುತ್ತೆ. ಆ ಗಾಯ ಬೇಗ ಮಾಯಲ್ಲ, ಸೋಂಕಾದ್ರೆ ಬೆರಳು, ಪಾದ ಕಳೆದುಕೊಳ್ಳೋ ಮಟ್ಟಕ್ಕೂ ಹೋಗುತ್ತೆ. ನಮ್ಮ ಮನೆಗಳಲ್ಲಿ ಕಾಲು ನೋವು ಅಂದ್ರೆ ಮೊದಲು ಮಾಡೋದೇ ಬಿಸಿನೀರು, ಉಪ್ಪು ಹಾಕಿ ಕಾಲು ಇಡೋದು. ಶುಗರ್ ಇರೋರಿಗೆ ಈ ಅಭ್ಯಾಸವನ್ನ ಬಿಡಿಸಿ. ಸ್ನಾನದ ನೀರನ್ನ ಮನೆಯ ಬೇರೆಯವರು ಮುಟ್ಟಿ ನೋಡಲಿ. ದಿನಾ ರಾತ್ರಿ ಪಾದದ ಅಡಿಭಾಗ, ಬೆರಳ ಸಂದಿ ನೋಡಲಿ, ಬಗ್ಗೋಕೆ ಆಗದಿದ್ರೆ ಕನ್ನಡಿ ಇಟ್ಟು ನೋಡಲಿ. ಬರಿಗಾಲಲ್ಲಿ ಓಡಾಡೋದು ಬೇಡ. ವರ್ಷಕ್ಕೊಮ್ಮೆಯಾದ್ರೂ ಡಾಕ್ಟರ ಹತ್ತಿರ ಕಾಲಿನ ನರ ಪರೀಕ್ಷೆ ಮಾಡಿಸಿ. ಬೇಕಾದ ಉಪಕರಣ ಅವರ ಹತ್ತಿರ ಇದೆ, ಬೋಗುಣಿ ನೀರಿನ ಮೇಲೆ ನಾವು ತೀರ್ಮಾನ ಮಾಡಬಾರದು.

ಎರಡನೆಯದು ಕುಷ್ಠರೋಗ. ಹಳೇ ಕಾಲದ ಕಾಯಿಲೆ ಅಂತ ನಾವು ಮರೆತೇ ಬಿಟ್ಟಿದ್ದೀವಿ, ಆದ್ರೆ ಜಗತ್ತಿನಲ್ಲಿ ಪ್ರತಿವರ್ಷ ಹೊಸದಾಗಿ ಪತ್ತೆಯಾಗೋ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಭಾರತದಲ್ಲೇ ಇದ್ದಾರೆ. ಈ ಬ್ಯಾಕ್ಟೀರಿಯಾ ಹಿಡಿಯೋದೇ ಚರ್ಮ ಮತ್ತು ನರವನ್ನ. ಮೊಣಕೈ ಹತ್ತಿರ ಹಾದು ಹೋಗೋ ಅಲ್ನಾರ್ ನರ ಕೆಟ್ರೆ ಕಿರುಬೆರಳ ಕಡೆ ಸ್ಪರ್ಶ ಹೋಗುತ್ತೆ, ಬೆವರು ನಿಲ್ಲುತ್ತೆ, ಚರ್ಮ ಒಣಗುತ್ತೆ. ಒಲೆ ಮೇಲಿನ ಪಾತ್ರೆ ಮುಟ್ಟಿದ್ರೂ ಬಿಸಿ ಗೊತ್ತಾಗಲ್ಲ. ಮೈ ಮೇಲೆ ಸ್ಪರ್ಶವಿಲ್ಲದ ಮಚ್ಚೆ ಕಂಡ್ರೆ ಮುಚ್ಚಿಡಬೇಡಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧಿ ಉಚಿತ, 6 ಅಥವಾ 12 ತಿಂಗಳ ಚಿಕಿತ್ಸೆಯಲ್ಲಿ ವಾಸಿಯಾಗುತ್ತೆ. ಬೇಗ ಹೋದ್ರೆ ನರ ಉಳಿಯುತ್ತೆ.

ಮೂರನೆಯದು ಇದಕ್ಕೆ ತದ್ವಿರುದ್ಧ. ಕೆಲವು ಮಕ್ಕಳ ಅಂಗೈ ನೀರು ತಾಗಿದ ಎರಡು ಮೂರು ನಿಮಿಷದಲ್ಲೇ ಬೆಳ್ಳಗೆ, ಗುಳ್ಳೆ ಗುಳ್ಳೆಯಾಗಿ ಸುಕ್ಕಾಗಿಬಿಡುತ್ತೆ. ಸಿಸ್ಟಿಕ್ ಫೈಬ್ರೋಸಿಸ್ ಅನ್ನೋ ಆನುವಂಶಿಕ ಕಾಯಿಲೆಯಲ್ಲಿ ಬೆವರಿನಲ್ಲಿ ಉಪ್ಪು ತುಂಬಾ ಜಾಸ್ತಿ ಇರುತ್ತೆ. ಅವರಲ್ಲಿ ಹೀಗಾಗೋದನ್ನ 1970ರ ದಶಕದಲ್ಲೇ ಗುರುತಿಸಿದ್ರು. ಬೇಗ ಸುಕ್ಕಾಗೋರಿಗೆಲ್ಲ ಈ ಕಾಯಿಲೆ ಅಂತ ಅಲ್ಲ. ಆದ್ರೆ ಇದರ ಜೊತೆಗೆ ಮಗುವಿಗೆ ಪದೇಪದೇ ಎದೆ ಕಫ, ತೂಕ ಹೆಚ್ಚದಿರೋದು, ಮುತ್ತು ಕೊಟ್ಟಾಗ ಚರ್ಮ ತುಂಬಾ ಉಪ್ಪುಪ್ಪು ಅನ್ನಿಸೋದು ಇದ್ರೆ ಮಕ್ಕಳ ವೈದ್ಯರಿಗೆ ಇದನ್ನೂ ಹೇಳಿ.

ಸುಕ್ಕಿನ ಜೊತೆ ಕಲಸಿಕೊಳ್ಳಬಾರದ ಇನ್ನೊಂದು ವಿಷಯ ಇದೆ. ದಿನವೆಲ್ಲ ಪಾತ್ರೆ ತೊಳೆಯೋರು, ಬಟ್ಟೆ ಒಗೆಯೋರು, ಮೀನು ಮಾರುಕಟ್ಟೆಯಲ್ಲಿ, ನಾಟಿ ಗದ್ದೆಯಲ್ಲಿ ಕೆಲಸ ಮಾಡೋರಿಗೆ ಬೆರಳ ಸಂದಿ ಬಿರಿದು ಹುಣ್ಣಾಗುತ್ತೆ. ಸುಕ್ಕು ತಾನಾಗೇ ಹೋಗುತ್ತೆ, ಈ ಹುಣ್ಣು ಹೋಗಲ್ಲ. ಸೋಪು, ಡಿಟರ್ಜೆಂಟ್ ಚರ್ಮದ ಎಣ್ಣೆ ಅಂಶ ತೆಗೆದುಬಿಡುತ್ತೆ, ಒದ್ದೆ ಸಂದಿಯಲ್ಲಿ ಶಿಲೀಂಧ್ರ ಬೆಳೆಯುತ್ತೆ. ನಿಮ್ಮ ಮನೆಗೆ ಪಾತ್ರೆ ತೊಳೆಯೋಕೆ ಬರೋ ಅಕ್ಕನಿಗೆ ಒಂದು ಜೊತೆ ರಬ್ಬರ್ ಗ್ಲೌಸ್, ಕೈ ಒರೆಸೋಕೆ ಒಣ ಟವೆಲ್, ಹಚ್ಚೋಕೆ ಸ್ವಲ್ಪ ಕೊಬ್ಬರಿ ಎಣ್ಣೆ ಇಡೋದು ದೊಡ್ಡ ಖರ್ಚೇನಲ್ಲ.

ಭಾನುವಾರಕ್ಕೆ ಮಕ್ಕಳ ಜೊತೆ ಒಂದು ಪ್ರಯೋಗ

ಆರೋಗ್ಯವಂತ ಮಕ್ಕಳ ಜೊತೆ, ಕೈ ಬೆರಳಿಗೆ ಮಾತ್ರ, ಇದನ್ನ ಮಾಡಿ ನೋಡಬಹುದು. ಮೂರು ಬೋಗುಣಿ ತಗೊಳ್ಳಿ. ಒಂದರಲ್ಲಿ ಬೆಚ್ಚಗಿನ ನೀರು, ಒಂದರಲ್ಲಿ ನಲ್ಲಿಯ ತಣ್ಣೀರು, ಇನ್ನೊಂದರಲ್ಲಿ ಎರಡು ಮೂರು ಚಮಚ ಉಪ್ಪು ಕಲಸಿದ ಬೆಚ್ಚಗಿನ ನೀರು. ಬಿಸಿ ಎಷ್ಟಿದೆ ಅಂತ ದೊಡ್ಡವರು ಮೊಣಕೈಯಿಂದ ನೋಡಿ, ಹಿತವಾಗಿರಬೇಕು, ಸುಡಬಾರದು. ಮೂರು ಜನ ಒಂದೊಂದರಲ್ಲಿ ಬೆರಳು ಇಡಿ, ಮೊಬೈಲಿನಲ್ಲಿ ಟೈಮರ್ ಹಾಕಿ. ಯಾರ ಬೆರಳು ಮೊದಲು ಸುಕ್ಕಾಯ್ತು ಅಂತ ಬರೆದುಕೊಳ್ಳಿ. ಬೋಗುಣಿ ಅದಲುಬದಲು ಮಾಡಿ ಇನ್ನೊಂದು ದಿನ ಮತ್ತೆ ಮಾಡಿ, ಯಾಕಂದ್ರೆ ಮನುಷ್ಯರಿಂದ ಮನುಷ್ಯರಿಗೂ ವ್ಯತ್ಯಾಸ ಇರುತ್ತೆ.

ಆಮೇಲೆ ನೀರು ತುಂಬಿದ ಬಕೆಟ್ಟಿಗೆ ಇಪ್ಪತ್ತು ಗೋಲಿ ಹಾಕಿ, ಎರಡೇ ಬೆರಳಲ್ಲಿ ತೆಗೆಯೋ ಆಟ. ಒಮ್ಮೆ ಸುಕ್ಕಿಲ್ಲದ ಬೆರಳಲ್ಲಿ, ಒಮ್ಮೆ ಸುಕ್ಕಾದ ಬೆರಳಲ್ಲಿ. ನ್ಯೂಕ್ಯಾಸಲ್ ಸರಿಯೋ ಬರ್ಲಿನ್ ಸರಿಯೋ ಅಂತ ನಿಮ್ಮ ಮನೆಯ ಲೆಕ್ಕ ನೀವೇ ಹಾಕಿ. ಒಂದು ಸಲಹೆ. ಎರಡನೇ ಸಲ ಆಡುವಾಗ ಅಭ್ಯಾಸದಿಂದಲೇ ಕೈ ಚುರುಕಾಗಿರುತ್ತೆ. ಹಾಗಾಗಿ ಒಬ್ಬರು ಮೊದಲು ಸುಕ್ಕಿಲ್ಲದೆ, ಇನ್ನೊಬ್ಬರು ಮೊದಲು ಸುಕ್ಕಾಗಿ ಆಡಲಿ. ಪ್ರಯೋಗ ಅಂದ್ರೇನು ಅಂತ ಮಕ್ಕಳಿಗೆ ಇದಕ್ಕಿಂತ ಚೆನ್ನಾಗಿ ಹೇಳಿಕೊಡೋಕೆ ಆಗಲ್ಲ.

ಮಗು "ಕೈ ಯಾಕೆ ಅಜ್ಜಿ ಕೈ ಆಯ್ತು?" ಅಂತ ಕೇಳಿದ್ರೆ ಇನ್ಮುಂದೆ "ನೀರು ಕುಡಿದಿದೆ ಪುಟ್ಟಾ" ಅನ್ನಬೇಡಿ. "ನಿನ್ನ ನರಗಳು ಎಚ್ಚರವಾಗಿವೆ, ಬೆರಳಿಗೆ ಮಳೆಗಾಲದ ಟೈರ್ ಹಾಕಿಕೊಡ್ತಿರಬಹುದು" ಅನ್ನಿ. ಅವರಿಗೆ ಅದು ಖಂಡಿತ ಇಷ್ಟ ಆಗುತ್ತೆ. ಹಾಗೇ ಇವತ್ತು ಸಂಜೆ ಊರಿಗೆ ಫೋನ್ ಮಾಡಿದಾಗ ಶುಗರ್ ಇರೋ ಅಪ್ಪಂದೋ ಅಮ್ಮಂದೋ ಕಾಲು ಹೇಗಿದೆ ಅಂತ ಒಂದು ಮಾತು ಕೇಳಿ. ಜುಮ್ಮು ಇದೆಯಾ, ಗಾಯ ಏನಾದ್ರೂ ಇದೆಯಾ, ಬಿಸಿನೀರಲ್ಲಿ ಕಾಲಿಡ್ತಿದ್ದೀರಾ ಅಂತ.